ಶೇಕಡಾ 80 ಎಂದು ಬರೆಯುವ ಮುನ್ನ

ಪ್ರಿಯ ಮಿತ್ರರೇ,

ದೂರದ ಬಾಹ್ಯಾಕಾಶದಲ್ಲಿ ದಿಢೀರನೆ ಹೊಮ್ಮಿ ಮರೆಯಾಗುವ ಗಾಮಾ ಕಿರಣ ಸ್ಫೋಟಗಳಿಂದ ಬರುವ ಎಕ್ಸ್-ಕಿರಣಗಳ ಧ್ರುವೀಕರಣವನ್ನು (ಅವುಗಳ ವಿದ್ಯುತ್ ಕ್ಷೇತ್ರದ ಕಂಪನ ಒಂದೇ ದಿಕ್ಕಿಗೆ ಎಷ್ಟು ವಾಲಿದೆ ಎಂಬುದನ್ನು) ಅಳೆಯುವ ಪುಟ್ಟ ಉಪಗ್ರಹಗಳ ಕುರಿತು ನೀವು ಬರೆದ ಲೇಖನವನ್ನು ಓದಿದೆ. ನಿಮ್ಮ ಭಾಷೆಗೆ ಓಟವಿದೆ. ಆದರೆ ಮೊದಲೆರಡು ಪುಟಗಳಲ್ಲಿ ‘ಊಹೆಗೂ ನಿಲುಕದ ಶಕ್ತಿ’, ‘ಬ್ರಹ್ಮಾಂಡವೇ ನಡುಗಿತು’ ಎಂಬಂಥ ಮಾತುಗಳೇ ತುಂಬಿವೆ. ದಯವಿಟ್ಟು ಕತ್ತರಿ ಹಾಕಿ. ಅಣುಬಾಂಬ್ ಪರೀಕ್ಷೆಗಳ ಮೇಲೆ ಕಣ್ಣಿಡಲು ಅಮೆರಿಕ ಹಾರಿಸಿದ್ದ ವೇಲಾ ಉಪಗ್ರಹಗಳು 1967ರಲ್ಲಿ ಮೊದಲ ಗಾಮಾ ಕಿರಣ ಸ್ಫೋಟವನ್ನು ಕಂಡವು, 1973ರಲ್ಲಿ ಸುದ್ದಿ ಹೊರಬಿತ್ತು. ಪೀಠಿಕೆಗೆ ಇಷ್ಟು ಸಾಕು.

ನಿಜವಾದ ಕುತೂಹಲ ಇರುವುದು ಎಣಿಕೆಯಲ್ಲಿ. ಸ್ಫೋಟದಿಂದ ಚಿಮ್ಮುವ ಧಾರೆಯೊಳಗೆ ಶಿಸ್ತಾಗಿ ಜೋಡಣೆಗೊಂಡ ಕಾಂತಕ್ಷೇತ್ರವಿದ್ದರೆ ಧ್ರುವೀಕರಣ ಹೆಚ್ಚಿರಬೇಕು, ಅದು ಚೆಲ್ಲಾಪಿಲ್ಲಿಯಾಗಿದ್ದರೆ ಕಡಿಮೆಯಿರಬೇಕು. ಇದನ್ನು ತಿಳಿಯುವ ಒಂದು ದಾರಿ ಹೀಗಿದೆ: ಫೋಟಾನ್ ಎಂಬ ಬೆಳಕಿನ ಕಣ ಒಂದು ಪತ್ತೆಕಾರಕ ಪಟ್ಟಿಗೆ ಬಡಿದು ಪಕ್ಕದ ಇನ್ನೊಂದಕ್ಕೆ ಚದುರುತ್ತದೆ. ಅದು ತನ್ನ ವಿದ್ಯುತ್ ಕ್ಷೇತ್ರಕ್ಕೆ ಲಂಬವಾದ ದಿಕ್ಕಿನತ್ತ ಹೆಚ್ಚು ಒಲಿಯುತ್ತದೆ. ಒಂದೇ ಫೋಟಾನ್ ಏನನ್ನೂ ಹೇಳುವುದಿಲ್ಲ. ಸಾವಿರಾರು ಫೋಟಾನ್‌ಗಳ ದಿಕ್ಕುಗಳನ್ನು ಕೂಡಿಸಿದಾಗ ನಕ್ಷೆಯಲ್ಲೊಂದು ಏರಿಳಿತ ಮೂಡುತ್ತದೆ, ಅಷ್ಟೇ.

ಇಲ್ಲೊಂದು ಬಲೆಯಿದೆ. ನಾಣ್ಯವನ್ನು ಹತ್ತು ಸಲ ಚಿಮ್ಮಿದರೆ ಸರಿಯಾಗಿ ಐದು ತಲೆ, ಐದು ಬಾಲ ಬೀಳಲೇಬೇಕೆಂದಿಲ್ಲ. ಹಾಗೆಯೇ ಧ್ರುವೀಕರಣವೇ ಇಲ್ಲದ ಕಿರಣವೂ ನಕ್ಷೆಯಲ್ಲಿ ಸುಳ್ಳು ಏರಿಳಿತ ತೋರಿಸುತ್ತದೆ. ಧ್ರುವೀಕರಣದ ಪ್ರಮಾಣ ಸೊನ್ನೆಗಿಂತ ಕೆಳಗಿಳಿಯುವಂತಿಲ್ಲವಾದ್ದರಿಂದ ಗದ್ದಲವೆಲ್ಲ ಸೇರಿ ಅದನ್ನು ಮೇಲಕ್ಕೇ ತಳ್ಳುತ್ತದೆ. ಆದ್ದರಿಂದ ಈ ಕ್ಷೇತ್ರದವರು ಮೊದಲು ಕೇಳುವುದು ‘ಎಷ್ಟು ಸಿಕ್ಕಿತು’ ಎಂದಲ್ಲ, ‘ಕನಿಷ್ಠ ಎಷ್ಟಿದ್ದರೆ ನಿಮ್ಮ ಉಪಕರಣಕ್ಕೆ ಕಂಡೀತು’ ಎಂದು. ನೀವೇ ಲೆಕ್ಕ ಹಾಕಿ ನೋಡಿ. ಶೇ. 99ರ ಖಾತರಿಗೆ ಗೊತ್ತುಪಡಿಸಿದ 4.29 ಎಂಬ ಸಂಖ್ಯೆಯನ್ನು ಉಪಕರಣದ ಮಾಡ್ಯುಲೇಷನ್ ಅಂಶದಿಂದಲೂ (ಪೂರ್ತಿ ಧ್ರುವೀಕರಣಗೊಂಡ ಕಿರಣಕ್ಕೆ ನಕ್ಷೆಯಲ್ಲಿ ಕಾಣುವ ಏರಿಳಿತದ ಪ್ರಮಾಣ) ಫೋಟಾನ್ ಸಂಖ್ಯೆಯ ವರ್ಗಮೂಲದಿಂದಲೂ ಭಾಗಿಸಬೇಕು. ಆ ಅಂಶ 0.3, ಫೋಟಾನ್‌ಗಳು 1,000, ಬೇರೆಡೆಯಿಂದ ನುಸುಳುವ ಹಿನ್ನೆಲೆ ಗದ್ದಲ ಇಲ್ಲವೇ ಇಲ್ಲ ಎಂದುಕೊಂಡರೂ ಉತ್ತರ ಸುಮಾರು ಶೇ. 45. ಅದಕ್ಕಿಂತ ಕಡಿಮೆ ಬಂದದ್ದನ್ನು ಶೇ. 99ರ ಖಾತರಿಯಿಂದ ನಂಬುವಂತಿಲ್ಲ. ಫೋಟಾನ್‌ಗಳು 10,000 ಆದರೆ ಮಿತಿ ಶೇ. 14ಕ್ಕೆ ಇಳಿಯುತ್ತದೆ. ಪುಟ್ಟ ಉಪಗ್ರಹದ ಕಷ್ಟವೆಲ್ಲ ಈ ಒಂದು ಭಾಗಾಕಾರದಲ್ಲಿದೆ. ನಿಮ್ಮ ಲೇಖನದಲ್ಲಿ ಇದರ ಸುಳಿವೇ ಇಲ್ಲ.

ನೀವು ಮೂರನೇ ಪುಟದಲ್ಲಿ ಹೆಮ್ಮೆಯಿಂದ ಉಲ್ಲೇಖಿಸಿರುವ ಶೇ. 80ರ ವಿಷಯಕ್ಕೆ ಬರುತ್ತೇನೆ. 2002ರ ಡಿಸೆಂಬರ್‌ನ ಒಂದು ಸ್ಫೋಟವನ್ನು ಸೂರ್ಯನ ಅಧ್ಯಯನಕ್ಕೆಂದು ಹಾರಿಸಿದ್ದ ರೆಸ್ಸಿ ಉಪಗ್ರಹ ಹಿಡಿದಿತ್ತು. 2003ರಲ್ಲಿ ಧ್ರುವೀಕರಣ ಶೇ. 80, ಹೆಚ್ಚುಕಡಿಮೆ 20, ಎಂಬ ಫಲಿತಾಂಶ ಪ್ರಕಟವಾಗಿ ದೊಡ್ಡ ಸದ್ದು ಮಾಡಿತು. ಮರುವರ್ಷವೇ ಬೇರೆ ತಂಡಗಳು ಅದೇ ದತ್ತಾಂಶವನ್ನು ಜಾಲಾಡಿದವು. ಲೆಕ್ಕಕ್ಕೆ ಯೋಗ್ಯವಾದ ಚದುರಿಕೆಗಳು ಮೊದಲು ಹೇಳಿದ್ದರ ಹತ್ತನೇ ಒಂದು ಭಾಗವೂ ಇಲ್ಲ, ಅವುಗಳಿಂದ ಧ್ರುವೀಕರಣ ಇದೆ ಎಂದು ಸಾಧಿಸಲಾಗದು ಎಂದವು. ನೀವು ಕಥೆಯನ್ನು 2003ಕ್ಕೇ ನಿಲ್ಲಿಸಿಬಿಟ್ಟಿದ್ದೀರಿ. ನನ್ನ ಕೇಳಿದರೆ ಓದುಗರಿಗೆ ರುಚಿಸುವುದು 2004ರ ಭಾಗವೇ.

ಮುಂದಿನ ಅಧ್ಯಾಯವೂ ಸರಳವಲ್ಲ. ಚೀನಾದ ಬಾಹ್ಯಾಕಾಶ ಪ್ರಯೋಗಾಲಯ ತಿಯಾಂಗಾಂಗ್-2ರ ಮೇಲೆ 2016ರಲ್ಲಿ ಹೋದ ‘ಪೋಲಾರ್’ ಉಪಕರಣ ಐದು ಸ್ಫೋಟಗಳಲ್ಲಿ ಕಂಡದ್ದು ಸರಾಸರಿ ಶೇ. 10ರಷ್ಟು ಮಾತ್ರ. ಅವುಗಳಲ್ಲೊಂದರಲ್ಲಿ ಧ್ರುವೀಕರಣದ ಕೋನ ಸ್ಫೋಟ ನಡೆಯುತ್ತಿರುವಾಗಲೇ ಹೊರಳಿದ ಸೂಚನೆಯಿತ್ತು. ಹಾಗೆ ಹೊರಳಿದರೆ ಕ್ಷಣಕ್ಷಣಕ್ಕೂ ಇದ್ದದ್ದು ಸರಾಸರಿಯಲ್ಲಿ ಅಳಿಸಿಹೋಗುತ್ತದೆ! ಭಾರತದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನ ಮೊದಲ ವರ್ಷದ ಸ್ಫೋಟಗಳಲ್ಲಿ ಹೆಚ್ಚಿನವು ತೀವ್ರ ಧ್ರುವೀಕರಣ ತೋರಿದ್ದವು. ಐದು ವರ್ಷಗಳ 20 ಸ್ಫೋಟಗಳ ಪಟ್ಟಿ ಬಂದಾಗ ಬಹುಪಾಲು ಕಡಿಮೆ ಎಂದಾಯಿತು. ಎರಡನ್ನೂ ಬರೆಯಿರಿ, ಯಾರ ಪರವನ್ನೂ ವಹಿಸಬೇಡಿ.

ಪುಟ್ಟ ಉಪಗ್ರಹವೇ ಏಕೆ ಎಂಬುದಕ್ಕೆ ‘ಅಗ್ಗ’ ಎಂಬ ಒಂದೇ ಕಾರಣ ಕೊಟ್ಟಿದ್ದೀರಿ. ಸಾಲದು. 2022ರ ಅಕ್ಟೋಬರ್ 9ರ ಅತಿ ಪ್ರಖರ ಸ್ಫೋಟದತ್ತ ನಾಸಾದ ಐಎಕ್ಸ್‌ಪಿಇ ದೂರದರ್ಶಕ ತಿರುಗಿದ್ದು ಎರಡು ದಿನಗಳ ನಂತರ. ಅದಕ್ಕೆ ನೇರವಾಗಿ ದಕ್ಕಿದ್ದು ನಂತರದ ಹೊಳಪು ಮಾತ್ರ. ಸ್ಫೋಟ ಯಾವ ದಿಕ್ಕಿನಿಂದ, ಯಾವಾಗ ಬಂದೀತೆಂದು ಗೊತ್ತಿಲ್ಲದಿರುವಾಗ ಆಕಾಶದ ದೊಡ್ಡ ಭಾಗಕ್ಕೆ ಸದಾ ತೆರೆದುಕೊಂಡ ಕಣ್ಣು ಬೇಕು. ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ಆಕಾಶದ ಸುಮಾರು ಮೂರನೇ ಒಂದು ಭಾಗವನ್ನು ಭೂಮಿಯೇ ಮರೆಮಾಡುವುದರಿಂದ ಅಂಥ ಕಣ್ಣುಗಳು ಹಲವು ಬೇಕು. ಹಲವನ್ನು ಹಾರಿಸಬೇಕೆಂದರೆ ಅವು ಚಿಕ್ಕವಿರಬೇಕು.

2018ರಲ್ಲಿ ಕ್ಯೂಬ್‌ಸ್ಯಾಟ್ ಎಂಬ ಪುಟ್ಟ ಪೆಟ್ಟಿಗೆಯಂಥ ಉಪಗ್ರಹದಲ್ಲಿ ಹಾರಿದ ಪೋಲಾರ್‌ಲೈಟ್ ಉಪಕರಣ, ಏಡಿ ನೀಹಾರಿಕೆ ಎಂಬ ಸಿಡಿದ ನಕ್ಷತ್ರದ ಅವಶೇಷದ ಧ್ರುವೀಕರಣವನ್ನು ಅಳೆದದ್ದನ್ನು ನೀವು ಸರಿಯಾಗಿಯೇ ಹೊಗಳಿದ್ದೀರಿ. ಆದರೆ ‘ಹಾಗಾಗಿ ಗಾಮಾ ಸ್ಫೋಟವೂ ಸುಲಭ’ ಎಂಬ ವಾಕ್ಯವನ್ನು ತೆಗೆಯಿರಿ. ಏಡಿ ನೀಹಾರಿಕೆ ಎಲ್ಲೂ ಓಡಿಹೋಗುವುದಿಲ್ಲ, ತಿಂಗಳುಗಟ್ಟಲೆ ನೋಡುತ್ತಾ ಫೋಟಾನ್ ಕೂಡಿಹಾಕಬಹುದು. ಸ್ಫೋಟ ಕೊಡುವ ಕಾಲಾವಕಾಶ ಹಲವು ಸಲ ಕೆಲವೇ ಸೆಕೆಂಡುಗಳು. ಈ ವ್ಯತ್ಯಾಸವನ್ನೇ ಲೇಖನದ ಆರಂಭಕ್ಕೆ ತನ್ನಿ, ಮೇಲಿನ ಭಾಗಾಕಾರವನ್ನು ಅದರ ಬೆನ್ನಿಗೇ ಇಡಿ. ತಿದ್ದಿದ ಪ್ರತಿಯಲ್ಲಿ ಪ್ರತಿ ಶೇಕಡಾವಾರಿನ ಪಕ್ಕದಲ್ಲೂ ಅದರ ಹೆಚ್ಚುಕಡಿಮೆಯನ್ನು ನಮೂದಿಸಿ ಕಳುಹಿಸಿ, ಮತ್ತೆ ಓದುತ್ತೇನೆ.

ವಿಶ್ವಾಸದಿಂದ,
ನಿಮ್ಮ ಹಿರಿಯ ಮಿತ್ರ