ಕ್ರೈಫ್ ನೆನಪು: ಆ ತಿರುವನ್ನು ಸರಿಯಾಗಿ ಕಲಿಸೋಣ

ಮಾನ್ಯರೇ,

ನೆದರ್ಲೆಂಡ್ಸ್‌ನ ಫುಟ್‌ಬಾಲ್ ಆಟಗಾರ ಯೋಹಾನ್ ಕ್ರೈಫ್ 2016ರ ಮಾರ್ಚ್ 24ರಂದು ತೀರಿಕೊಂಡರು. ಆದರೂ ಅಭಿಮಾನಿಗಳ ಮಾತಿನಲ್ಲಿ ಅವರ 14ನೇ ನಂಬರಿನ ಆ ಅಂಗಿ ಮಾಸಿಲ್ಲ. 1971, 1973, 1974ರಲ್ಲಿ, ಆಗ ಯುರೋಪಿನ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುತ್ತಿದ್ದ ಬ್ಯಾಲನ್ ಡಿ'ಓರ್ ಪ್ರಶಸ್ತಿ ಗೆದ್ದವರು ಅವರು. ಹಾಗಿದ್ದರೂ ಜನ ಮೊದಲು ನೆನೆಯುವುದು 1974ರ ವಿಶ್ವಕಪ್‌ನಲ್ಲಿ, ಜರ್ಮನಿಯ ಡಾರ್ಟ್ಮಂಡ್‌ನಲ್ಲಿ, ಸ್ವೀಡನ್ನಿನ ಆಟಗಾರ ಯಾನ್ ಓಲ್ಸನ್‌ರನ್ನು ದಾಟಿದ ಆ ಒಂದು ತಿರುವನ್ನು. ಪಂದ್ಯ ಗೋಲಿಲ್ಲದೆ ಮುಗಿಯಿತು, ತಿರುವು ಉಳಿಯಿತು.

ಮಕ್ಕಳು ಅದನ್ನು ಅನುಕರಿಸುವಾಗ ಕಾಲಿನ ಕೆಲಸವನ್ನಷ್ಟೇ ನೋಡುತ್ತಾರೆ. ಅಸಲು ಗುಟ್ಟು ಅದಕ್ಕೂ ಮೊದಲಿನ ನಟನೆಯಲ್ಲಿದೆ. ಬಲಗಾಲನ್ನು ಹಿಂದಕ್ಕೆ ಪೂರ್ತಿ ಎತ್ತಿ, ಭುಜ ತಿರುಗಿಸಿ, ನಿಜವಾಗಿಯೂ ಪಾಸ್ ಕೊಡುವಂತೆ ಕಾಣಬೇಕು. ಎದುರಾಳಿ ಅಡ್ಡಗಟ್ಟಲು ಕಾಲು ಚಾಚಿದ ಕ್ಷಣದಲ್ಲೇ ಪಾದದ ಒಳಬದಿಯಿಂದ ಚೆಂಡನ್ನು ಎಡಗಾಲಿನ ಹಿಂದಕ್ಕೆ ಎಳೆದು, ತಿರುಗಿ, ಓಡಬೇಕು.

ಊರಿದ ಕಾಲು ಚೆಂಡಿಗಿಂತ ಸ್ವಲ್ಪ ಮುಂದೆ, ಸುಮಾರು ಒಂದು ಗೇಣು ಪಕ್ಕಕ್ಕೆ ಇರಲಿ. ಚೆಂಡಿಗೆ ಸಮನಾಗಿ ಊರಿದರೆ ಅದು ಹಿಮ್ಮಡಿಗೆ ಬಡಿದು ಅಲ್ಲೇ ನಿಲ್ಲುತ್ತದೆ. ಮಂಡಿ ಬಗ್ಗಿಸದಿದ್ದರೆ ತಿರುಗುವಾಗ ಸಮತೋಲ ತಪ್ಪುತ್ತದೆ. ಜೋರಾಗಿ ಎಳೆದರೆ ಚೆಂಡು ಇನ್ನೊಬ್ಬ ಎದುರಾಳಿಯ ಪಾಲು. ತಿರುಗಿದ ಮೇಲೆ ಮೊದಲ ಎರಡು ಹೆಜ್ಜೆ ನಿಧಾನವಾದರಂತೂ ಮಾಡಿದ್ದೆಲ್ಲ ವ್ಯರ್ಥ.

ಅವರ ಸ್ಮರಣೆಯ ದಿನ ತರಬೇತುದಾರರು ಇದನ್ನು ಮೊದಲು ನಡಿಗೆಯ ವೇಗದಲ್ಲಿ, ಎದುರಾಳಿಯಿಲ್ಲದೆ, ಎರಡೂ ಕಾಲಲ್ಲಿ ಹತ್ತು ಹತ್ತು ಸಲ ಮಾಡಿಸಲಿ.

– ಫುಟ್‌ಬಾಲ್ ಅಭಿಮಾನಿಗಳು