ಪಾಲೆಯ ಕೆತ್ತೆ, ಕಲ್ಕತ್ತೆಯ ಪ್ರಾಧ್ಯಾಪಕಿ

ಪ್ರೀತಿಯ ಮಗಳಿಗೆ, ಅಮ್ಮನ ಆಶೀರ್ವಾದಗಳು.

ಗಿಡದ ಸಾರದಿಂದ ಒಂದೊಂದೇ ವಸ್ತುವನ್ನು ಬೇರ್ಪಡಿಸುವ ಗಾಜಿನ ಕೊಳವೆಯನ್ನು, ಅಂದರೆ ಕಾಲಮ್ಮನ್ನು, ಮೂರು ತಿಂಗಳು ಓಡಿಸಿದರೂ ಸೀಸೆಯ ತಳದಲ್ಲಿ ಉಳಿದದ್ದು 11 ಮಿಲಿಗ್ರಾಂ ಮಾತ್ರ ಎಂದು ಮೊನ್ನೆ ನೀನು ಫೋನಿನಲ್ಲಿ ಬೇಸರಪಟ್ಟೆಯಲ್ಲ, ಆಗಿನಿಂದ ನನಗೆ ಗಿಡಮೂಲಿಕೆಗಳ ರಸಾಯನಶಾಸ್ತ್ರಜ್ಞೆ ಅಸೀಮಾ ಚಟರ್ಜಿಯವರದ್ದೇ ನೆನಪು. ಪಿಯು ಮಕ್ಕಳಿಗೆ ಅಷ್ಟು ವರ್ಷ ರಸಾಯನಶಾಸ್ತ್ರ ಹೇಳಿಕೊಟ್ಟರೂ ಅವರ ಕುರಿತು ತರಗತಿಯಲ್ಲಿ ಒಂದು ಮಾತನ್ನೂ ಆಡಲಿಲ್ಲವೆಂಬ ಕೊರಗು ನನಗಿದೆ.

1917ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಅವರಿಗೆ ಗಿಡಮೂಲಿಕೆಗಳ ಒಲವು ಬಂದದ್ದು ವೈದ್ಯರಾಗಿದ್ದ ತಂದೆಯಿಂದ. 1944ರಲ್ಲಿ ಡಿ.ಎಸ್ಸಿ. (ಡಾಕ್ಟರ್ ಆಫ್ ಸೈನ್ಸ್) ಪಡೆದು, ಭಾರತದ ವಿಶ್ವವಿದ್ಯಾಲಯವೊಂದರಿಂದ ಆ ಪದವಿ ಪಡೆದ ಮೊದಲ ಮಹಿಳೆಯಾದರು. 1947ರಲ್ಲಿ, ಇನ್ನೂ ವರ್ಷ ತುಂಬದ ಮಗಳನ್ನೂ ಆಕೆಯನ್ನು ನೋಡಿಕೊಳ್ಳುವ ಆಯಾಳನ್ನೂ ಕರೆದುಕೊಂಡು ಅಮೆರಿಕಕ್ಕೆ ಹೊರಟರು. ಆಮೇಲೆ ಜ್ಯೂರಿಕ್‌ನಲ್ಲಿ ನೊಬೆಲ್ ಪಡೆದ ರಸಾಯನಶಾಸ್ತ್ರಜ್ಞ ಪೌಲ್ ಕಾರರ್ ಅವರ ಪ್ರಯೋಗಾಲಯದಲ್ಲಿ ದುಡಿದು 1950ರಲ್ಲಿ ಊರಿಗೆ ಮರಳಿದರು.

ನಾನು ಮೆಚ್ಚುವುದು ಆ ಮರಳಿಕೆಯ ನಂತರದ ವರ್ಷಗಳನ್ನು. ಅಣುವಿನ ರಚನೆಯನ್ನು ವಸ್ತು ಕೆಡದಂತೆ ತೋರಿಸುವ ಎನ್‌ಎಂಆರ್ ಯಂತ್ರ ಕೈಗೆ ಸಿಗದ ಆ ಕಾಲದಲ್ಲಿ ಸರ್ಪಗಂಧದ ಜಾತಿಯ ಗಿಡಗಳಿಂದ ತೆಗೆದ ಆಲ್ಕಲಾಯ್ಡಿನ (ಗಿಡಗಳಲ್ಲಿರುವ, ಸಾರಜನಕವುಳ್ಳ ವಸ್ತುವಿನ) ರಚನೆ ತಿಳಿಯಬೇಕಾದರೆ, ಕಷ್ಟಪಟ್ಟು ಕೂಡಿಟ್ಟ ಹರಳುಗಳನ್ನೇ ಆಮ್ಲ, ಕ್ಷಾರ, ಉತ್ಕರ್ಷಕಗಳಿಂದ ತುಂಡರಿಸಿ, ಒಂದೊಂದು ತುಂಡಿನ ಗುರುತು ಹಿಡಿದು, ಅವನ್ನೆಲ್ಲ ಕಾಗದದ ಮೇಲೆ ಮತ್ತೆ ಜೋಡಿಸಬೇಕಿತ್ತು. ನಿನ್ನ 11 ಮಿಲಿಗ್ರಾಂ ಯಂತ್ರದೊಳಗೆ ಹೋಗಿ ಹಾಗೇ ಹಿಂದಿರುಗುತ್ತದೆ; ಅವರದ್ದು ಉತ್ತರ ಸಿಗುವಷ್ಟರಲ್ಲಿ ಖರ್ಚಾಗಿಬಿಡುತ್ತಿತ್ತು. 1962ರಿಂದ 1982ರವರೆಗೆ ಕಲ್ಕತ್ತಾ ವಿಶ್ವವಿದ್ಯಾಲಯದ ‘ಖೈರಾ’ ಎಂಬ ಗೌರವದ ಪ್ರಾಧ್ಯಾಪಕ ಪೀಠದಲ್ಲಿದ್ದ ಅವರು, ಗದ್ದೆಯ ನೀರಿನಲ್ಲಿ ಬೆಳೆಯುವ ನಾಲ್ಕೆಲೆಯ ಜರೀಗಿಡವೊಂದರಿಂದ ಮೂರ್ಛೆರೋಗದ ಔಷಧವನ್ನೂ ರೂಪಿಸಿದರು. ನಮ್ಮ ಅಂಗಳದ ಕಾಶಿಕಣಗಿಲೆಯಿಂದ ಕ್ಯಾನ್ಸರ್ ಔಷಧ ಕಂಡುಹಿಡಿದವರೂ ಅವರೇ ಎಂದು ಕೆಲವರು ಬರೆಯುತ್ತಾರೆ, ಅದು ಸರಿಯಲ್ಲ. ಆ ಕೆಲಸ ಕೆನಡಾ ಮತ್ತು ಅಮೆರಿಕದವರದ್ದು. ಅಸೀಮಾ ಅವರ ಹಿರಿಮೆಗೆ ಎರವಲು ಹಣೆಪಟ್ಟಿ ಬೇಕಿಲ್ಲ.

ಮಲೇರಿಯಾ ಔಷಧಕ್ಕಾಗಿ ಅವರು ಅಭ್ಯಸಿಸಿದ ಮರಗಳಲ್ಲಿ ನಮ್ಮ ಪಾಲೆಯೂ, ಅಂದರೆ ಹಾಲೆಮರವೂ, ಒಂದು. ತುಳುನಾಡಿನ ಆಟಿ ತಿಂಗಳ ಅಮಾವಾಸ್ಯೆಯ ನಸುಕಿನಲ್ಲಿ ಅಜ್ಜ ಕಲ್ಲಿನಿಂದ ಜಜ್ಜಿ ಅದರ ಕೆತ್ತೆ, ಅಂದರೆ ತೊಗಟೆ, ತರುತ್ತಿದ್ದುದು, ಓಮ, ಕಾಳುಮೆಣಸು ಹಾಕಿದ ಆ ಕಹಿ ಕಷಾಯವನ್ನು ನೀನು ಮೂಗು ಹಿಡಿದು ಕುಡಿಯುತ್ತಿದ್ದುದು ನೆನಪಿರಬೇಕು. ಕತ್ತಲಲ್ಲಿ ತಪ್ಪಿ ವಿಷದ ಮರವಾದ ಕಾಸರಕದ ಕೆತ್ತೆ ತಂದರೆ ಜೀವಕ್ಕೇ ಅಪಾಯವೆಂದು ಅಜ್ಜ ಹಿಂದಿನ ಸಂಜೆಯೇ ಮರವನ್ನು ಗುರುತಿಸಿಟ್ಟು ಬರುತ್ತಿದ್ದರು. ಪಾಲೆಯ ಎಕಿಟಮಿನ್, ಕಾಸರಕದ ಸ್ಟ್ರಿಕ್‌ನಿನ್ ಎರಡೂ ಇಂಡೋಲ್ ಆಲ್ಕಲಾಯ್ಡುಗಳ ಕುಟುಂಬಕ್ಕೇ ಸೇರಿದವು ಎಂಬುದು ನನಗೆ ಗೊತ್ತಾದದ್ದು ಎಂ.ಎಸ್ಸಿ. ಓದುವಾಗ.

ಈ ಸಲದ ಆಟಿಗೆ ನಿನಗೆ ರಜೆ ಸಿಗದಿದ್ದರೂ ಒಂದು ಹಿಡಿ ಕೆತ್ತೆಯನ್ನು ನೆರಳಿನಲ್ಲಿ ಒಣಗಿಸಿಟ್ಟಿರುತ್ತೇನೆ. ಅದರಲ್ಲಿ ಎಷ್ಟು ಮಿಲಿಗ್ರಾಂ ಸಿಕ್ಕಿತೆಂದು ನೀನೇ ಹೇಳುವೆಯಂತೆ.

ನಿನ್ನ
ಅಮ್ಮ