ಎಚ್‌ಡಿಆರ್ ಅಂದ್ರೆ ಬಣ್ಣ ಬಳಿಯೋದಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಪೇಪರಲ್ಲಿ ಓದುಗರು ಕಳಿಸೋ ನಿಸರ್ಗದ ಫೋಟೋಗಳನ್ನ ತಪ್ಪದೇ ನೋಡ್ತೀನಿ. ಈಚೆಗೆ ಎಚ್‌ಡಿಆರ್ (ಹೈ ಡೈನಮಿಕ್ ರೇಂಜ್, ಅಂದ್ರೆ ಕಮ್ಮಿ ಬೆಳಕು, ಜಾಸ್ತಿ ಬೆಳಕು ಅಂತ ತೆಗೆದ ಹಲವು ಫೋಟೋಗಳನ್ನ ಸೇರಿಸಿ ಒಂದು ಮಾಡೋದು) ಫೋಟೋಗಳು ಜಾಸ್ತಿ ಬರ್ತಿವೆ, ಸಂತೋಷ, ಆದ್ರೆ ಸುಮಾರು ಫೋಟೋಗಳಲ್ಲಿ ಮೋಡ ಮಸಿ ಬಳಿದ ಹಾಗೆ ಕಪ್ಪಾಗಿ, ಹುಲ್ಲು ಕಣ್ಣು ಕುಕ್ಕೋ ಹಸಿರಾಗಿ, ಬೆಟ್ಟದ ಅಂಚಿಗೆಲ್ಲ ಬಿಳಿ ಪಟ್ಟಿ ಎದ್ದಿರತ್ತೆ. ಇದನ್ನ ನೋಡಿದೋರು ಎಚ್‌ಡಿಆರ್ ಅಂದ್ರೇನೇ ಮೋಸ ಅಂತಾರೆ, ಅದು ನಂಗೆ ತುಂಬಾ ಬೇಜಾರು.

ಬೆಳಗಿನ ಜಾವ ಹಂಪಿಯ ಮಾತಂಗ ಬೆಟ್ಟ ಹತ್ತಿದೋರಿಗೆ ಗೊತ್ತು, ಕೆಂಪಾದ ಆಕಾಶನೂ ಕಾಣತ್ತೆ, ಕೆಳಗೆ ನೆರಳಲ್ಲಿರೋ ಅಚ್ಯುತರಾಯ ದೇವಸ್ಥಾನನೂ ಕಾಣತ್ತೆ. ಕ್ಯಾಮೆರಾ ಒಂದೇ ಕ್ಲಿಕ್ಕಲ್ಲಿ ಎರಡನ್ನೂ ಹಿಡಿಯಲ್ಲ, ಆಕಾಶಕ್ಕೆ ಸರಿ ಮಾಡಿದ್ರೆ ದೇವಸ್ಥಾನ ಕಪ್ಪು, ದೇವಸ್ಥಾನಕ್ಕೆ ಸರಿ ಮಾಡಿದ್ರೆ ಆಕಾಶ ಬೆಳ್ಳಗೆ ಸುಟ್ಟೋಗತ್ತೆ. ಅದಕ್ಕೇ ಬ್ರ್ಯಾಕೆಟಿಂಗ್ ಇರೋದು, ಅಂದ್ರೆ ಒಂದೇ ದೃಶ್ಯನ ಬೇರೆ ಬೇರೆ ಬೆಳಕಿಗೆ ಹಲವು ಸಲ ತೆಗೆಯೋದು. ಟ್ರೈಪಾಡ್ ಹಾಕಿ, ರಾ ಫೈಲ್ (ಕ್ಯಾಮೆರಾ ತಿದ್ದದೇ ಉಳಿಸೋ ಮೂಲ ಫೈಲ್) ಇಟ್ಕೊಂಡು, ಐಎಸ್‌ಒ (ಬೆಳಕಿಗೆ ಸ್ಪಂದಿಸೋ ಮಟ್ಟ) 100, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 8 ಅಥವಾ 11ಕ್ಕೆ ಇಟ್ಟು, ಫೋಕಸ್ ಮ್ಯಾನ್ಯುಯಲ್ ಮಾಡಿ, ಶಟರ್ ಸ್ಪೀಡ್ (ಬೆಳಕು ಒಳಗೆ ಬಿಡೋ ಸಮಯ) ಒಂದನ್ನೇ ಬದಲಿಸ್ತಾ ಹೋಗ್ಬೇಕು. 1 ಸ್ಟಾಪ್ ಅಂದ್ರೆ ಬೆಳಕು ಎರಡರಷ್ಟು, ಹಾಗಾಗಿ 2 ಸ್ಟಾಪ್ ಅಂದ್ರೆ ಸುಮಾರು ನಾಲ್ಕು ಪಟ್ಟು ಅಂತರದಲ್ಲಿ 1/250, 1/60, 1/15 ಸೆಕೆಂಡ್ ಅಂತ 3 ಫ್ರೇಮ್ ತೆಗೆದ್ರೆ ಬಹಳ ಸಲ ಸಾಕಾಗತ್ತೆ. ಅತಿ ಕಪ್ಪು ಫ್ರೇಮಿನ ಹಿಸ್ಟೋಗ್ರಾಮ್ (ಎಡಗಡೆ ಕಪ್ಪು, ಬಲಗಡೆ ಬಿಳಿ ಎಷ್ಟಿದೆ ಅಂತ ತೋರಿಸೋ ಕ್ಯಾಮೆರಾದ ನಕ್ಷೆ) ಬಲಗಡೆ ಗೋಡೆಗೆ ಅಂಟಿರಬಾರದು, ಅತಿ ಬೆಳಕಿಂದು ಎಡಗಡೆ ಅಂಟಿರಬಾರದು, ಇಷ್ಟು ನೋಡ್ಕೊಂಡ್ರೆ ಆಯ್ತು.

ಇಲ್ಲೀವರೆಗೂ ಎಲ್ಲರೂ ಸರಿಯಾಗೇ ಮಾಡ್ತಾರೆ. ಕೆಡೋದು ಆಮೇಲೆ. 3 ಫ್ರೇಮ್ ಸೇರಿದ ಫೈಲಲ್ಲಿರೋ ಬೆಳಕಿನ ವ್ಯಾಪ್ತಿ ಮಾಮೂಲಿ ಸ್ಕ್ರೀನಲ್ಲಿ ಹಿಡಿಸಲ್ಲ, ನ್ಯೂಸ್‌ಪ್ರಿಂಟಲ್ಲಂತೂ ಇನ್ನೂ ಕಮ್ಮಿ, ಅದನ್ನ ಒತ್ತಿ ಕೂರಿಸೋ ಕೆಲಸಕ್ಕೇ ಟೋನ್ ಮ್ಯಾಪಿಂಗ್ ಅನ್ನೋದು. ಅಲ್ಲಿ ಲೋಕಲ್ ಕಾಂಟ್ರಾಸ್ಟ್ (ಅಕ್ಕಪಕ್ಕದ ಜಾಗಗಳ ಕಪ್ಪು ಬಿಳುಪಿನ ವ್ಯತ್ಯಾಸ) ಸ್ಲೈಡರ್‌ನ ಕೊನೇವರೆಗೂ ಎಳೆದ್ರೆ ಆ ಬಿಳಿ ಪಟ್ಟಿ ಬರತ್ತೆ. ನೆರಳು ನೆರಳಾಗೇ ಇರ್ಲಿ ಬಿಡಿ, ಹಿಂದೆ ಸೂರ್ಯ ಇರೋ ಬಂಡೆ ಮಧ್ಯಾಹ್ನದ ಬಂಡೆ ಥರ ಹೊಳೆಯಲ್ಲ.

ಇನ್ನೊಂದು, ಎಲ್ಲದಕ್ಕೂ ಎಚ್‌ಡಿಆರ್ ಬೇಕಾಗಿಲ್ಲ. ಕುದುರೆಮುಖದಲ್ಲಿ ಮಂಜು ಕವಿದಿದ್ರೆ ಕಾಂಟ್ರಾಸ್ಟೇ ಇರಲ್ಲ, ಒಂದು ಫ್ರೇಮ್ ಸಾಕು. ಗಾಳಿ ಜೋರಾಗಿದ್ರೆ ಎಲೆಗಳು ಒಂದೊಂದು ಫ್ರೇಮಲ್ಲಿ ಒಂದೊಂದು ಕಡೆ ಇದ್ದು ಭೂತದ ಥರ ಎರಡೆರಡು ಕಾಣತ್ತೆ, ಅಂಥ ಕಡೆ ಒಂದೇ ಫ್ರೇಮಿನ ಎಲೆ ಉಳಿಸ್ಕೋಬೇಕು.

ಮೋಸ ಅನ್ನೋರಿಗೆ ಒಂದು ಮಾತು, 1850ರ ದಶಕದಲ್ಲೇ ಫ್ರಾನ್ಸಿನ ಫೋಟೋಗ್ರಾಫರ್ ಗುಸ್ತಾವ್ ಲ ಗ್ರೇ ಸಮುದ್ರಕ್ಕೊಂದು ಆಕಾಶಕ್ಕೊಂದು ನೆಗೆಟಿವ್ ಇಟ್ಕೊಂಡು ಒಂದೇ ಪ್ರಿಂಟಲ್ಲಿ ಸೇರಿಸ್ತಿದ್ರು.

ನನ್ನ ಕೋರಿಕೆ ಇಷ್ಟೇ, ಫೋಟೋ ಕೆಳಗೆ ಹೆಸರಿನ ಜೊತೆ ಎಷ್ಟು ಫ್ರೇಮ್, ಎಷ್ಟು ಸ್ಟಾಪ್ ಅಂತರ ಅಂತಾನೂ ಹಾಕಿ, ಆಗಾಗ ಸೇರಿಸೋ ಮುಂಚಿನ ಫ್ರೇಮ್‌ಗಳನ್ನೂ ಪಕ್ಕದಲ್ಲೇ ಚಿಕ್ಕದಾಗಿ ಪ್ರಿಂಟ್ ಮಾಡಿ. ಕ್ಲಾಸಿಗೆ ದುಡ್ಡು ಕೊಡೋಕಾಗದ ಹಳ್ಳಿ ಹುಡುಗ ಹುಡುಗೀರು ಅದನ್ನ ನೋಡ್ಕೊಂಡೇ ಕಲಿತಾರೆ.

ಇತಿ,
ನಿಮ್ಮ ಓದುಗ, ಹೊಸಪೇಟೆ